ಕೆಚಪ್ ಬದಲಿಗೆ ಮುರುಗಲು (ಕೋಕಂ) ಹಾಕಿದ ಟೊಮೆಟೊ ಗೊಜ್ಜು: ಅಳತೆ, ಬಾಳಿಕೆ?

ಕಾರವಾರ ಕಡೆಯವಳು: ಮಕ್ಕಳಿಗೆ ದೋಸೆ, ಚಪಾತಿ ಯಾವುದಕ್ಕೂ ಬಾಟಲಿ ಕೆಚಪ್ಪೇ ಬೇಕು. ಲೇಬಲ್ ನೋಡಿದರೆ 100 ಗ್ರಾಮಿಗೆ ಸಕ್ಕರೆಯೇ 25 ಗ್ರಾಂ ದಾಟಿದೆ, ಮೇಲಿಂದ ಐಎನ್‌ಎಸ್ 211. ಮನೆಯಲ್ಲಿ ಸಕ್ಕರೆ ಕಡಿಮೆ ಹಾಕಿ ಮಾಡಿದ್ದು ಮಳೆಗಾಲದಲ್ಲಿ ಬೇಗ ಗುಳ್ಳೆ ಬರುತ್ತದೆ. ವಿನೆಗರ್ ಇಲ್ಲದೆ ಮುರುಗಲು ಹಾಕಿ ಮಾಡುವ ಅಳತೆ ಗೊತ್ತಿದ್ದವರು ಹೇಳಿ.

ಶಿರಸಿ ಅಡುಗೆಮನೆ: 211 ಎಂದರೆ ಸೋಡಿಯಂ ಬೆಂಜೊಯೇಟ್. ಬಾಟಲಿ ಕೆಡದಿರುವುದು ಅದೊಂದರಿಂದಲೇ ಅಲ್ಲ. ಸಕ್ಕರೆ, ಉಪ್ಪು, ವಿನೆಗರಿನ ಹುಳಿ ಸೇರಿ ಕಾಯುತ್ತವೆ. ಅವನ್ನು ಇಳಿಸಿದರೆ ಬಾಳಿಕೆಯೂ ಇಳಿಯಿತು. ಹಾಗಾಗಿ ಸ್ವಲ್ಪ ಸ್ವಲ್ಪವೇ ಮಾಡಿ.

ಚೆನ್ನಾಗಿ ಹಣ್ಣಾದ ಟೊಮೆಟೊ 1 ಕೇಜಿ, ಒಣ ಮುರುಗಲು ಸಿಪ್ಪೆ 8, ಬೆಳ್ಳುಳ್ಳಿ 6 ಎಸಳು, ಬ್ಯಾಡಗಿ ಮೆಣಸಿನ ಪುಡಿ 1 ಚಮಚ, ಲವಂಗ 3, ಜೋನಿ ಬೆಲ್ಲ (ನೀರು ಬೆಲ್ಲ) 2 ಚಮಚ. ಸಿಪ್ಪೆಯನ್ನು ಅರ್ಧ ಲೋಟ ಬಿಸಿನೀರಲ್ಲಿ ಅರ್ಧ ತಾಸು ನೆನೆಸಿ ಕಿವುಚಿ, ರಸ ಮಾತ್ರ ತೆಗೆದುಕೊಳ್ಳಿ. ಟೊಮೆಟೊ, ಬೆಳ್ಳುಳ್ಳಿ, ಲವಂಗ ನೀರು ಹಾಕದೆ ಬೇಯಿಸಿ, ಆರಿಸಿ, ರುಬ್ಬಿ, ಜರಡಿ ಹಿಡಿಯಿರಿ. ರಸ, ಬೆಲ್ಲ, ಮೆಣಸಿನ ಪುಡಿ ಸೇರಿಸಿ ಅಗಲ ಬಾಯಿಯ ಸ್ಟೀಲ್ ಪಾತ್ರೆಯಲ್ಲಿ ಮೂರನೇ ಒಂದು ಪಾಲಿಗೆ ಬತ್ತಿಸಿ. ತಟ್ಟೆಗೆ ಒಂದು ಹನಿ ಬಿಡಿ: ಸುತ್ತ ನೀರು ಒಡೆದರೆ ಇನ್ನೂ ಆಗಿಲ್ಲ. ಗುಳ್ಳೆ ಬರಲು ಹೆಚ್ಚಾಗಿ ಈ ಉಳಿದ ನೀರು, ಇಲ್ಲವೇ ಒದ್ದೆ ಚಮಚವೇ ಕಾರಣ. ಗಾಜಿನ ಬಾಟಲಿಯನ್ನು 10 ನಿಮಿಷ ಕುದಿಸಿ, ಒಣಗಿಸಿ, ಬಿಸಿ ಇರುವಾಗಲೇ ತುಂಬಿ. ಫ್ರಿಜ್ಜಿನಲ್ಲಿ 10 ದಿನದೊಳಗೆ ಮುಗಿಸಿ.

ಕುಮಟಾ ಪೇಟೆ: ಉಪ್ಪಿನ ಅಳತೆ ಬಿಟ್ಟಿದ್ದೀರಿ, ಬಿಟ್ಟಿದ್ದೇ ಒಳ್ಳೆಯದಾಯ್ತು. ಅಂಗಡಿಯ ಮುರುಗಲು ಬಹಳಷ್ಟು ಉಪ್ಪು ಹಾಕಿ ಒಣಗಿಸಿದ್ದು. ರಸ ಸೇರಿಸಿ ಬತ್ತಿಸಿದ ಮೇಲೆ ರುಚಿ ನೋಡಿ, ಬೇಕಾದರೆ ಮಾತ್ರ ಉಪ್ಪು ಹಾಕಿ. ಮುರುಗಲಿನ ಬದಲು ಉಪ್ಪಾಗೆ (ಅದೇ ಕುಲದ ಇನ್ನೊಂದು ಹುಳಿಹಣ್ಣು) ಸಿಪ್ಪೆ ಹಾಕಬೇಡಿ. ಕಪ್ಪಗಿರುತ್ತದೆ, ಹೊಗೆ ವಾಸನೆ, ಮಕ್ಕಳು ಮುಟ್ಟುವುದಿಲ್ಲ.

ಯಲ್ಲಾಪುರ: ಜೋನಿ ಬೆಲ್ಲವೂ ಸಕ್ಕರೆಯೇ, ಮನೆಯದೆಂದು ಕೈ ಬಿಟ್ಟು ಸುರಿಯಬೇಡಿ. ಮಿಡಿ ಉಪ್ಪಿನಕಾಯಿಯೂ ಹಾಗೇ, ಅದರಲ್ಲಿ ಉಪ್ಪಿನದೇ ರಾಜ್ಯ. ಚಪಾತಿಗೆ ಗಟ್ಟಿ ಸಾಸಿವೆ (ಮೊಸರು, ಸಾಸಿವೆ ಹಾಕಿ ಮಾಡುವ ನಂಚಿಕೆ) ಸಾಕು: ಬಟ್ಟೆಯಲ್ಲಿ ಒಂದು ತಾಸು ಸೋಸಿದ ಮೊಸರು 1 ಲೋಟ, ಕಾಯಿತುರಿ 2 ಚಮಚ, ಅರ್ಧ ಹಸಿಮೆಣಸು, ಕಾಲು ಚಮಚ ಸಾಸಿವೆ. ಕಾಯಿ ನುಣ್ಣಗಾದ ಮೇಲೆ ಸಾಸಿವೆ ಹಾಕಿ ಎರಡು ಸುತ್ತು ರುಬ್ಬಿ, ಹೆಚ್ಚು ರುಬ್ಬಿದರೆ ಕಹಿ. ಅವತ್ತೇ ಖಾಲಿ ಮಾಡಬೇಕು.

ಕಾರವಾರ ಕಡೆಯವಳು: ಅಲ್ಯೂಮಿನಿಯಂ ಬಾಣಲೆಯಲ್ಲಿ ಬತ್ತಿಸಬಹುದೇ?

ಶಿರಸಿ ಅಡುಗೆಮನೆ: ಬೇಡ. ಇಷ್ಟು ಹುಳಿ ಅಷ್ಟು ಹೊತ್ತು ಕುದಿದರೆ ಲೋಹ ಬಿಡುತ್ತದೆ. ಕಬ್ಬಿಣದ್ದೂ ಬೇಡ, ಗೊಜ್ಜು ಕಪ್ಪಾಗುತ್ತದೆ.