ಸ್ಕ್ಯಾನಿಂಗ್‌ಗೆ ಮುಂಚೆ ಮಗುವಿಗೆ ನಿದ್ದೆಯ ಔಷಧ: ಮನೆಯಲ್ಲೇ ಕುಡಿಸಬಹುದೇ?

ಪ್ರಶ್ನೆ: ಮಗುವಿನ ತಾಯಿ

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಮೂರು ವರ್ಷ ನಾಲ್ಕು ತಿಂಗಳು, ತೂಕ 13 ಕಿಲೋ. ಜ್ವರವಿಲ್ಲದೆಯೇ ಎರಡು ಸಲ ಫಿಟ್ಸ್ ಬಂದದ್ದರಿಂದ ಮೆದುಳಿನ ಎಂಆರ್‌ಐ ಮಾಡಿಸಬೇಕೆಂದು ಮಕ್ಕಳ ವೈದ್ಯರು ಹೇಳಿದ್ದಾರೆ. ಸ್ಕ್ಯಾನಿಂಗ್ ಕೇಂದ್ರದವರು ನಿದ್ದೆ ಬರಿಸುವ ಒಂದು ಸಿರಪ್ ಕೊಟ್ಟು, ಮನೆಯಿಂದ ಹೊರಡುವ ಅರ್ಧ ಗಂಟೆ ಮುಂಚೆ ಕುಡಿಸಿ ಕರೆತನ್ನಿ, ನಿದ್ದೆ ಬಾರದಿದ್ದರೆ ದಾರಿಯಲ್ಲಿ ಇನ್ನರ್ಧ ಕೊಡಿ ಎಂದಿದ್ದಾರೆ. ಮಗುವಿನ ತೂಕವನ್ನು ಅವರು ಕೇಳಲೇ ಇಲ್ಲ. ಅವಳು ರಾತ್ರಿ ಜೋರಾಗಿ ಗೊರಕೆ ಹೊಡೆಯುತ್ತಾಳೆ. ಮೂರು ದಿನದಿಂದ ನೆಗಡಿ, ಕಫದ ಕೆಮ್ಮೂ ಇದೆ. ಸ್ಕ್ಯಾನ್ ನಾಡಿದ್ದು. ಬಾಟಲಿಯನ್ನು ಕೈಗೆತ್ತಿಕೊಂಡಾಗಲೆಲ್ಲ ನನಗೆ ಎದೆ ಹೊಡೆದುಕೊಳ್ಳುತ್ತಿದೆ. ಇದು ಸರಿಯಾದ ಕ್ರಮವೇ ಎಂದು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ 1: ಅರಿವಳಿಕೆ ತಜ್ಞೆ

ಅಮ್ಮಾ, ದಯವಿಟ್ಟು ಆ ಔಷಧವನ್ನು ಮನೆಯಲ್ಲಿ ಕುಡಿಸಬೇಡಿ. ದಾರಿಯಲ್ಲಂತೂ ಬೇಡವೇ ಬೇಡ. ನಿಮ್ಮ ಭಯಕ್ಕೆ ಸರಿಯಾದ ಕಾರಣವಿದೆ.

ಮಂಪರಿಗೂ ಗಾಢ ನಿದ್ದೆಗೂ, ಗಾಢ ನಿದ್ದೆಗೂ ಪೂರ್ಣ ಅರಿವಳಿಕೆಗೂ ನಡುವೆ ಗೋಡೆಯಿಲ್ಲ. ಒಂದೇ ಇಳಿಜಾರಿನ ಮೇಲೆ ಮಗು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಔಷಧ ಕೊಟ್ಟವರು ಮುಂಚಿತವಾಗಿ ಖಚಿತವಾಗಿ ಹೇಳಲಾರರು. ಒಂದು ಮಗುವನ್ನು ಕೇವಲ ಮಂಕಾಗಿಸುವ ಪ್ರಮಾಣವೇ ಇನ್ನೊಂದು ಮಗುವಿನ ಉಸಿರನ್ನು ತಗ್ಗಿಸಬಹುದು. ಚಿಕ್ಕ ಮಕ್ಕಳಲ್ಲಿ ಬಾಯಿಯ ಅಳತೆಗೆ ನಾಲಿಗೆ ದೊಡ್ಡದು, ಉಸಿರಿನ ದಾರಿ ಕಿರಿದು, ತಲೆಯ ಹಿಂಭಾಗ ಉಬ್ಬಿರುವುದರಿಂದ ಮಲಗಿಸಿದಾಗ ಕತ್ತು ಮುಂದಕ್ಕೆ ಬಾಗುತ್ತದೆ. ಸ್ನಾಯುಗಳು ಸಡಿಲಗೊಂಡಾಗ ನಾಲಿಗೆ ಹಿಂದಕ್ಕೆ ಸರಿದು ದಾರಿಯನ್ನು ಮುಚ್ಚುತ್ತದೆ. ದೇಹದ ತೂಕಕ್ಕೆ ಹೋಲಿಸಿದರೆ ಮಕ್ಕಳು ನಮಗಿಂತ ಹೆಚ್ಚು ಆಮ್ಲಜನಕ ಬಳಸುವುದರಿಂದ, ಉಸಿರು ನಿಂತರೆ ಅವರ ರಕ್ತದ ಆಮ್ಲಜನಕ ನಮಗಿಂತ ಬಹಳ ಬೇಗ ಕುಸಿಯುತ್ತದೆ. ಗೊರಕೆ ಹೊಡೆಯುವ ಮಗುವಿಗೆ ಟಾನ್ಸಿಲ್ ಅಥವಾ ಅಡಿನಾಯ್ಡ್ (ಮೂಗಿನ ಹಿಂಭಾಗದಲ್ಲಿರುವ ಟಾನ್ಸಿಲ್‌ನಂಥ ಅಂಗಾಂಶ) ಊದಿಕೊಂಡಿರುವ ಸಾಧ್ಯತೆ ಇದೆ. ಅದರ ಮೇಲೆ ನೆಗಡಿಯೂ ಸೇರಿದರೆ ಗಂಟಲು ಕೆರಳಿ ಧ್ವನಿಪೆಟ್ಟಿಗೆ ಬಿಗಿದುಕೊಳ್ಳುವ ಅಪಾಯವೂ ಕೂಡಿಕೊಳ್ಳುತ್ತದೆ.

ಮಕ್ಕಳಿಗೆ ಈ ಔಷಧಗಳನ್ನು ಕೊಟ್ಟಾಗ ಆದ 95 ಅವಘಡಗಳನ್ನು ಪರಿಶೀಲಿಸಿದ ಅಮೆರಿಕದ ವಿಶ್ಲೇಷಣೆಯೊಂದು 2000ದಲ್ಲಿ ಪ್ರಕಟವಾಯಿತು. ಅವುಗಳಲ್ಲಿ 51 ಸಾವಿನಲ್ಲಿ ಮುಗಿದಿದ್ದವು. ಯಾವುದೋ ಒಂದು ಕೆಟ್ಟ ಔಷಧ ಅಲ್ಲಿ ಅಪರಾಧಿಯಾಗಿರಲಿಲ್ಲ. ಎಲ್ಲ ಬಗೆಯ ಔಷಧಗಳಲ್ಲೂ, ಕೊಡುವ ಎಲ್ಲ ಮಾರ್ಗಗಳಲ್ಲೂ ಅವಘಡಗಳಾಗಿದ್ದವು. ಪ್ರಮಾಣ ಮೀರಿದ್ದು, ಹಲವು ಔಷಧಗಳನ್ನು ಒಟ್ಟಿಗೆ ಕೊಟ್ಟದ್ದು, ಮಗುವನ್ನು ಸರಿಯಾಗಿ ಗಮನಿಸದಿದ್ದದ್ದು ಮತ್ತೆ ಮತ್ತೆ ಕಂಡುಬಂದವು. ಮನೆಯಲ್ಲೇ ಔಷಧ ಕುಡಿದು ಬಂದ ಮಕ್ಕಳೂ ಅವರಲ್ಲಿದ್ದರು. ಮಕ್ಕಳನ್ನು ಮಲಗಿಸಲು ಬಳಸುವ ಮಿಡಜೋಲಾಮ್ ಆಗಲಿ, ಟ್ರೈಕ್ಲೋಫಾಸ್ ಆಗಲಿ, ಕೀಟಮಿನ್ ಆಗಲಿ, ಕೊಟ್ಟ ಕ್ಷಣದಿಂದ ಮಗು ಪೂರ್ತಿ ಎಚ್ಚರಗೊಳ್ಳುವವರೆಗೆ ಅದನ್ನು ನೋಡಿಕೊಳ್ಳುವುದನ್ನು ಬಿಟ್ಟು ಬೇರಾವ ಕೆಲಸವೂ ಇಲ್ಲದ, ನಿಂತ ಉಸಿರನ್ನು ಮರಳಿ ನಡೆಸಬಲ್ಲ ಒಬ್ಬರು ಪಕ್ಕದಲ್ಲಿರಲೇಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕಾಗಿಯೇ. ಎಂಆರ್‌ಐನಲ್ಲಿ ಈ ಮಾತಿಗೆ ಇನ್ನೂ ತೂಕ ಹೆಚ್ಚು, ಏಕೆಂದರೆ ಮಗು ಸುರಂಗದೊಳಗಿರುತ್ತದೆ, ಮುಖ ಕಾಣುವುದಿಲ್ಲ, ಯಂತ್ರದ ಸದ್ದಿನಲ್ಲಿ ಉಸಿರಿನ ಸದ್ದು ಕೇಳುವುದಿಲ್ಲ. ಅಲ್ಲಿ ಬಳಸುವ, ರಕ್ತದ ಆಮ್ಲಜನಕವನ್ನು ಅಳೆಯುವ ಪಲ್ಸ್ ಆಕ್ಸಿಮೀಟರ್ ಕೂಡ ಆಯಸ್ಕಾಂತದ ಹತ್ತಿರ ಇಡಬಹುದಾದ ಬಗೆಯದ್ದೇ ಆಗಿರಬೇಕು.

ನಾಳೆಯೇ ಕೇಂದ್ರಕ್ಕೆ ಫೋನ್ ಮಾಡಿ, ಔಷಧ ಕೊಡುವವರು ಯಾರು, ಸ್ಕ್ಯಾನ್ ನಡೆಯುವಾಗ ಮಗುವಿನ ಉಸಿರನ್ನು ಗಮನಿಸುವವರು ಯಾರು, ಮಗುವಿನ ಅಳತೆಯ ಮಾಸ್ಕ್, ಆಂಬು ಬ್ಯಾಗ್ (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ), ಆಮ್ಲಜನಕ ಮತ್ತು ಸಕ್ಷನ್ (ಬಾಯಿ, ಗಂಟಲಿನ ಕಫ ಹೀರುವ ಯಂತ್ರ) ಅದೇ ಕೋಣೆಯ ಬಳಿ ಇವೆಯೇ ಎಂದು ಕೇಳಿ. ಉತ್ತರ ತಡವರಿಸಿದರೆ ಬೇರೆ ಕಡೆ ಮಾಡಿಸಿ.

ಉತ್ತರ 2: ಮಕ್ಕಳ ವಾರ್ಡಿನ ಶುಶ್ರೂಷಕಿ

ಮೇಡಂ ಹೇಳಿದ್ದಕ್ಕೆ ಹೊಟ್ಟೆಯ ವಿಷಯವೊಂದನ್ನು ಸೇರಿಸುತ್ತೇನೆ. ವಾಡಿಕೆಯ ನಿಯಮದಂತೆ ಘನ ಆಹಾರ ಹಾಗೂ ಹಸುವಿನ ಅಥವಾ ಪುಡಿ ಹಾಲನ್ನು 6 ಗಂಟೆ ಮುಂಚೆ, ಎದೆಹಾಲನ್ನು 4 ಗಂಟೆ ಮುಂಚೆ, ತಿಳಿನೀರನ್ನು 2 ಗಂಟೆ ಮುಂಚೆ ನಿಲ್ಲಿಸಬೇಕು. ಇದಕ್ಕಿಂತ ತುಸು ಭಿನ್ನವಾಗಿ ನಿಮ್ಮ ವೈದ್ಯರು ಹೇಳಿದರೆ ಅವರ ಮಾತನ್ನೇ ಪಾಲಿಸಿ. ಆದರೆ ಮಗು ಅತ್ತಿತೆಂದು ಅಜ್ಜಿ ಮರೆಯಲ್ಲಿ ಎರಡು ಬಿಸ್ಕತ್ತು ಕೊಟ್ಟಿದ್ದರೆ ಅದನ್ನು ಮುಚ್ಚಿಡಬೇಡಿ. ನಾವು ಬಯ್ಯುವುದಿಲ್ಲ, ಸಮಯವನ್ನು ಮುಂದಕ್ಕೆ ಹಾಕುತ್ತೇವೆ ಅಷ್ಟೆ. ಹಾಗೆಯೇ, ಮಗುವನ್ನು ರಾತ್ರಿಯಿಡೀ ನೀರಿಲ್ಲದೆ ಒಣಗಿಸುವುದೂ ತಪ್ಪು.

ಎದೆ ಏರಿಳಿಯುತ್ತಿದ್ದರೆ ಸಾಕು, ಉಸಿರಾಡುತ್ತಿದೆ ಎಂದು ಅನೇಕರು ನಂಬುತ್ತಾರೆ. ದಾರಿ ಮುಚ್ಚಿದ ಮಗುವಿನ ಹೊಟ್ಟೆ ಮೇಲೇಳುವಾಗ ಎದೆ ಒಳಕ್ಕೆ ಸೇದಿಕೊಳ್ಳುತ್ತದೆ. ನೋಡುವವರಿಗೆ ಜೋರಾಗಿ ಉಸಿರಾಡುವಂತೆಯೇ ತೋರುತ್ತದೆ, ಆದರೆ ಮೂಗಿನ ಬಳಿ ಅಂಗೈ ಹಿಡಿದರೆ ಗಾಳಿಯೇ ತಾಕುವುದಿಲ್ಲ. ಆಗ ಭುಜದ ಕೆಳಗೆ ಸುತ್ತಿದ ಟವೆಲ್ಲಿಟ್ಟು, ಗಲ್ಲವನ್ನು ಎರಡು ಬೆರಳಿನಿಂದ ಮೆಲ್ಲಗೆ ಮೇಲೆತ್ತಿದರೆ ಎಷ್ಟೋ ಸಲ ಅಷ್ಟರಲ್ಲೇ ದಾರಿ ತೆರೆದುಕೊಳ್ಳುತ್ತದೆ. ಆಮ್ಲಜನಕ ಹಚ್ಚಿದ್ದರೆ ಆಕ್ಸಿಮೀಟರಿನ ಅಂಕಿ ತಡವಾಗಿ ಇಳಿಯುವುದರಿಂದ, ಅಂಕಿಯನ್ನಷ್ಟೇ ನೋಡುತ್ತ ಕುಳಿತರೆ ಆ ಹೊತ್ತು ಕೈತಪ್ಪಿಹೋಗುತ್ತದೆ.

ಉತ್ತರ 3: ಒಬ್ಬ ತಂದೆ

ನನ್ನ ಅನುಭವವನ್ನು ಹೇಳಿಬಿಡುತ್ತೇನೆ. ಮಗನಿಗೆ ಎರಡು ವರ್ಷವಿದ್ದಾಗ ಶ್ರವಣ ಪರೀಕ್ಷೆಗೆಂದು ಇಂಥದೇ ಸಿರಪ್ ಕೊಟ್ಟರು. ಕಹಿಯೆಂದು ಅವನು ಅರ್ಧ ಉಗುಳಿದ. ಎಷ್ಟು ಒಳಗೆ ಹೋಯಿತೆಂದು ಯಾರಿಗೂ ಗೊತ್ತಿಲ್ಲದೆ ಮತ್ತೊಮ್ಮೆ ಕುಡಿಸಲಾಯಿತು. ಪರೀಕ್ಷೆ ಮುಗಿದಾಗ ಅವನು ಕಣ್ಣು ತೆರೆದು ನನ್ನನ್ನು ನೋಡಿದ್ದರಿಂದ ಮನೆಗೆ ಕಳಿಸಿದರು. ಕಾರಿನಲ್ಲಿ ಸೀಟಿಗೆ ಕಟ್ಟಿ ಕೂರಿಸಿದ ಸ್ವಲ್ಪ ಹೊತ್ತಿಗೆ ಅವನ ಗಲ್ಲ ಎದೆಗೆ ಅಂಟಿಕೊಂಡು, ಗಂಟಲಿನಿಂದ ವಿಚಿತ್ರವಾದ ಗೊರಗೊರ ಸದ್ದು ಬಂತು. ಆಮೇಲೆ ಆ ಸದ್ದೂ ನಿಂತಿತು. ಪಕ್ಕದಲ್ಲಿ ಕುಳಿತಿದ್ದ ನನ್ನ ಹೆಂಡತಿ ಅವನ ತಲೆಯನ್ನು ಎತ್ತಿ ಹಿಡಿದ ಮೇಲೆ ಉಸಿರು ಎಳೆದುಕೊಂಡ. ತುಟಿಯ ಬಣ್ಣ ಇಂದಿಗೂ ನನ್ನ ಕಣ್ಣ ಮುಂದಿದೆ. ಅವಳು ಮುಂದಿನ ಸೀಟಿನಲ್ಲಿ ಕುಳಿತಿದ್ದರೆ ಏನಾಗುತ್ತಿತ್ತೋ ಊಹಿಸಲಾರೆ.

ಪ್ರಶ್ನೆ ಕೇಳಿದ ತಾಯಿ

ಎಲ್ಲರಿಗೂ ಹೃದಯಪೂರ್ವಕ ಧನ್ಯವಾದಗಳು. ಅರಿವಳಿಕೆ ತಜ್ಞರು ತಮ್ಮಲ್ಲಿಲ್ಲ ಎಂದು ಕೇಂದ್ರದವರೇ ಒಪ್ಪಿಕೊಂಡರು. ಮಕ್ಕಳ ವೈದ್ಯರು ಈಗ ಬೇರೊಂದು ಆಸ್ಪತ್ರೆಗೆ ಬರೆದುಕೊಟ್ಟು, ಸ್ಕ್ಯಾನ್ ತುರ್ತಿನದ್ದಲ್ಲ, ನೆಗಡಿ ಪೂರ್ತಿ ಇಳಿಯಲಿ ಎಂದು ಮೂರು ವಾರ ಮುಂದೂಡಿದ್ದಾರೆ. ಒಂದು ಅನುಮಾನ ಉಳಿದಿದೆ: ಆ ದಿನ ಬೆಳಿಗ್ಗೆ ಫಿಟ್ಸ್ ಮಾತ್ರೆ ಕೊಡಬೇಕೇ?

ಅರಿವಳಿಕೆ ತಜ್ಞೆ

ಸಾಮಾನ್ಯವಾಗಿ ಫಿಟ್ಸ್ ಔಷಧವನ್ನು ತಪ್ಪಿಸುವುದಿಲ್ಲ, ಒಂದು ಗುಟುಕು ನೀರಿನೊಂದಿಗೆ ಎಂದಿನ ವೇಳೆಗೆ ಕೊಡುತ್ತೇವೆ. ಆದರೂ ನಿಮ್ಮ ತಜ್ಞರಿಂದ ಖಚಿತಪಡಿಸಿಕೊಳ್ಳಿ. ಆ ಔಷಧದ ಹೆಸರು, ಪ್ರಮಾಣ ಬರೆದ ಚೀಟಿಯನ್ನು ಮರೆಯದೆ ಒಯ್ಯಿರಿ. ಕೆಲವು ಫಿಟ್ಸ್ ಔಷಧಗಳು ಮಂಪರನ್ನು ಹೆಚ್ಚಿಸುತ್ತವೆ, ಮತ್ತು ಮಿಡಜೋಲಾಮ್‌ನ ಪರಿಣಾಮವನ್ನು ತಿರುಗಿಸುವ ಫ್ಲುಮಝೆನಿಲ್ ಇಂಥ ಮಕ್ಕಳಲ್ಲಿ ಫಿಟ್ಸ್ ಕೆರಳಿಸಬಹುದು, ಆದ್ದರಿಂದ ಅಲ್ಲಿನವರಿಗೆ ಇದು ಮೊದಲೇ ತಿಳಿದಿರಬೇಕು. ತೂಕವನ್ನು ಅಂದೇ ತಕ್ಕಡಿಯಲ್ಲಿ ಮತ್ತೊಮ್ಮೆ ನೋಡಿಸಿ. ಎಚ್ಚರವಾದ ಮೇಲೂ, ಸದ್ದುಗದ್ದಲವಿಲ್ಲದ ಕಡೆ ಬಿಟ್ಟಾಗ ಮತ್ತೆ ನಿದ್ದೆಗೆ ಜಾರದೆ ತಾನಾಗಿ ಎಚ್ಚರವಾಗಿರುವವರೆಗೆ ಅವಳನ್ನು ಮನೆಗೆ ಕರೆದೊಯ್ಯಬೇಡಿ. ಹೊರಡುವಾಗ ನೀವು ಅವಳ ಪಕ್ಕದಲ್ಲೇ ಹಿಂದಿನ ಸೀಟಿನಲ್ಲಿ ಕುಳಿತಿರಿ. ನಡುವೆ ಮತ್ತೆ ಫಿಟ್ಸ್ ಬಂದರೆ ಮೂರು ವಾರ ಕಾಯದೆ ಅಂದೇ ವೈದ್ಯರನ್ನು ಕಾಣಿರಿ.