ಸಹಾಯ ಬೇಕು: ರೆಸ್ಯೂಮೆಯಲ್ಲಿ 3 ವರ್ಷದ ಗ್ಯಾಪ್ ಹೇಗೆ ಹೇಳಲಿ?

ಎಲ್ಲರಿಗೂ ನಮಸ್ಕಾರ. ಅಕೌಂಟ್ಸ್ ವಿಭಾಗದಲ್ಲಿ 6 ವರ್ಷ ಕೆಲಸ ಮಾಡಿದ್ದೆ. ಅಮ್ಮನಿಗೆ ಹುಷಾರು ತಪ್ಪಿತು, ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ, ಕೆಲಸ ಬಿಟ್ಟೆ. ಹಾಗೇ 3 ವರ್ಷ ಕಳೆಯಿತು. ಈಗ ಅವರು ಓಡಾಡಿಕೊಂಡಿದ್ದಾರೆ. ಬಿಟ್ಟದ್ದಕ್ಕೆ ನನಗೆ ಸ್ವಲ್ಪವೂ ಬೇಸರವಿಲ್ಲ. ಆದರೆ 40 ಕಡೆ ಅರ್ಜಿ ಹಾಕಿದರೂ ಕರೆ ಬಂದಿದ್ದು ಒಂದೇ ಕಡೆಯಿಂದ.

ಮೊದಲು ರೆಸ್ಯೂಮೆಯಲ್ಲಿ ಎರಡು ಕಾಲಂ, ಬಣ್ಣದ ಪಟ್ಟಿ ಎಲ್ಲ ಇತ್ತು. ಅರ್ಜಿ ಸೋಸುವ ಸಾಫ್ಟ್‌ವೇರ್ ಅಂಥದ್ದನ್ನು ಕೆಲವೊಮ್ಮೆ ತಪ್ಪಾಗಿ ಓದುತ್ತದೆ ಅಂತ ಗೊತ್ತಾದ ಮೇಲೆ ಒಂದೇ ಕಾಲಂ ಮಾಡಿ 2 ಪುಟಕ್ಕೆ ಇಳಿಸಿದೆ. ‘ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೆ’ ಅನ್ನುವ ಸಾಲನ್ನು ‘ತಿಂಗಳ ಲೆಕ್ಕ ಮುಗಿಸಲು 9 ದಿನ ಹಿಡಿಯುತ್ತಿತ್ತು, 5 ದಿನಕ್ಕೆ ತಂದೆ’ ಅಂತ ಬದಲಾಯಿಸಿದೆ. ಈ ಭಾಗ ಚೆನ್ನಾಗಿ ಬಂದಿದೆ ಅನ್ನಿಸುತ್ತದೆ.

ಗೊಂದಲ ಆ 3 ವರ್ಷದ್ದೇ. ಇಸವಿಗಳನ್ನು ತೆಗೆದು ಬರೀ ಕೌಶಲ ಹಾಕಿ ನೋಡಿದೆ, ಏನೋ ಮುಚ್ಚಿಟ್ಟ ಹಾಗೆ ಕಾಣಿಸಿತು. ಸಿಕ್ಕ ಆ ಒಂದು ಸಂದರ್ಶನದಲ್ಲಿ ‘ಈ ಮಧ್ಯೆ ಏನು ಮಾಡ್ತಿದ್ರಿ?’ ಅಂತ ಕೇಳಿದರು. ಆಸ್ಪತ್ರೆಯ ಕಥೆಯನ್ನೆಲ್ಲ ಹೇಳುತ್ತಾ ಹೋದೆ, ಗಂಟಲು ಕಟ್ಟಿತು. ಕೆಲಸದ ಮಾತು ಬರುವಷ್ಟರಲ್ಲಿ ಸಮಯವೇ ಮುಗಿದಿತ್ತು.

ರೆಸ್ಯೂಮೆಯಲ್ಲೇ ‘ಕುಟುಂಬದ ಆರೈಕೆಗಾಗಿ ವಿರಾಮ’ ಅಂತ ಇಸವಿ ಸಮೇತ ಒಂದು ಸಾಲು ಹಾಕಲೋ, ಇಲ್ಲ ಕವರ್ ಲೆಟರ್‌ನಲ್ಲಿ ಮಾತ್ರ ಹೇಳಲೋ? ಸಂದರ್ಶನದಲ್ಲಿ ಕೇಳಿದರೆ ಎಷ್ಟು ಹೇಳಿ ನಿಲ್ಲಿಸಬೇಕು? ನೇಮಕಾತಿ ಕೆಲಸ ಮಾಡಿದವರು, ಇಂಥ ಗ್ಯಾಪ್ ಆದಮೇಲೂ ಕೆಲಸ ಹಿಡಿದವರು ದಯವಿಟ್ಟು ತಿಳಿಸಿ.