ಹಳೇ ಟಿವಿ ಗೇಮ್ ಕ್ಯಾಸೆಟ್ ಮಾಡಿದವ್ರು ಯಾರು, ಉಳಿಸೂದು ಹ್ಯಾಂಗ?

ಬಿಜಾಪುರ ಹುಡುಗ: ನಮ್ಮೂರ ಗುಜರಿ ಅಂಗಡ್ಯಾಗ ಒಂದು ಹಳದಿ ಕ್ಯಾಸೆಟ್ ಸಿಕ್ಕೈತ್ರಿ, ಸೋನಿಕ್ ಆಟದ ಲೆವೆಲ್ ಅದಾವ ಆದ್ರ ಓಡಾಂವ ಮಾರಿಯೋ, ಲೇಬಲ್ ಮ್ಯಾಲ ಕಂಪನಿ ಹೆಸರ ಇಲ್ಲ. ಯಾರ್ ಮಾಡಿದ್ದಿದು? ಕೆಡೂದ್ರಾಗ ಉಳಿಸಬೇಕಂತೀನಿ.

ಬಾಗಲಕೋಟಿ ಮಂದಿ: ಅದು ‘ಸೊಮಾರಿ’ ಅನ್ನೂ ಆಟ ಇರಬೇಕ್ರಿ, 1994ರಾಗ ತೈವಾನ್‌ನ ಹಮ್ಮರ್ ಟೀಮ್ ಮಾಡಿದ್ದು. ಸೋನಿಕ್ ಸೆಗಾ ಕಂಪನಿದು, ಅದನ್ನ ನಿಂಟೆಂಡೊದ ಹಳೇ ಟಿವಿ ಗೇಮ್ ಮಷೀನ್ ಫ್ಯಾಮಿಕಾಮ್‌ಗೆ ಇಳಿಸೂದು ಸಣ್ಣ ಕೆಲಸಲ್ಲ, ಕಾಪಿ ಅಂತ ಬಿಡಬ್ಯಾಡ್ರಿ.

ಕುಂದಾನಗರಿ: ಮೊದಲ ಬಿಚ್ಚಿ ಬೋರ್ಡಿನ ಎರಡೂ ಕಡೆ ಫೋಟೋ ತಗೀರಿ ಅಣ್ಣಾ. ಕರೀ ಎಪಾಕ್ಸಿ ಬೊಟ್ಟು ಇದ್ರ ಕೆರೀಬ್ಯಾಡ್ರಿ, ಅದರ ಕೆಳಗ ಚಿಪ್ ಇರತೈತಿ. 60 ಪಿನ್ನೂ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರಸಿ ಡಂಪರ್‌ಗೆ (ಕ್ಯಾಸೆಟ್ ಡೇಟಾ ಓದಿ ಕಂಪ್ಯೂಟರ್‌ಗೆ ಇಳಿಸೂ ಸಾಧನ) ಹಾಕ್ರಿ, ಮ್ಯಾಪರ್ (ಕ್ಯಾಸೆಟ್ ಒಳಗ ಮೆಮೊರಿ ಭಾಗ ಬದಲಿಸೂ ಸರ್ಕ್ಯೂಟಿನ ನಮೂನಿ) ತಪ್ಪಾಗಿ ಆರಿಸಿದ್ರ ಡೇಟಾ ಪೂರ್ತಿ ಬರಂಗಿಲ್ಲ, ಎರಡು ಸಲ ಓದಿಸಿ ತಾಳೆ ನೋಡ್ರಿ. ಹೆಸರಿಲ್ಲದ ಆಟ ಯಾರ್ ಮಾಡಿದ್ದಂತ ತಿಳೀಲಿಕ್ಕ ಸೌಂಡ್ ಕೋಡ್ (ಸಂಗೀತ, ಸಪ್ಪಳ ನುಡಿಸೂ ಪ್ರೋಗ್ರಾಂ) ನೋಡೂದು ಭಾಳ ಚಲೋ, ಹಮ್ಮರ್‌ನವ್ರು ತಮ್ಮ ಸೌಂಡ್ ಕೋಡ್ ಬ್ಯಾರೆ ಆಟಗಳಾಗೂ ಹಾಕ್ಯಾರ, ಅದರ ಮ್ಯಾಲ ಗುರ್ತ ಸಿಗತೈತಿ.

ಬಿಜಾಪುರ ಹುಡುಗ: ಫೋಟೋ ಇವತ್ತ ಹಾಕ್ತೀನ್ರಿ. ಬೆಳಗಾವ್ಯಾಗ ಡಂಪರ್ ಇದ್ದವ್ರು ಯಾರರ ಅದಾರೇನ್ರಿ?